ಗದ್ದಲದ ಜಾಡು: ಮರೆತುಹೋದ ಮೆಟಲ್ ಆಲ್ಬಂ ಮತ್ತೆ ಸಿಗುವ ಬಗೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಷಿಗನ್ ಸರೋವರದ ದಂಡೆಯ ಮೇಲೆ ಶೆಬಾಯ್ಗನ್ ಎಂಬ ಊರಿದೆ. ಹೊರಗಿನವರಿಗೆ ಗೊತ್ತಿದ್ದರೆ ಅಲ್ಲಿನ ಸಾಸೇಜಿನಿಂದ ಗೊತ್ತು. 1980ರ ದಶಕದಲ್ಲಿ ಆ ಊರಿನ ಹುಡುಗರು ಮಾರ್ಬಿಡ್ ಸೇಂಟ್ ಎಂಬ ಮೆಟಲ್ ತಂಡ ಕಟ್ಟಿ, ಎಂಟು ಹಾಡುಗಳ ಒಂದು ಆಲ್ಬಂ ಮಾಡಿದರು. ಹೆಸರು 'ಸ್ಪೆಕ್ಟ್ರಂ ಆಫ್ ಡೆತ್', ಉದ್ದ ಅರ್ಧ ಗಂಟೆಗಿಂತ ತುಸು ಹೆಚ್ಚು. ತಮ್ಮದೇ ದೇಶದ ದೊಡ್ಡ ಲೇಬಲ್‌ಗಳು ಯಾವುವೂ ಅದನ್ನು ಹೊರತರಲಿಲ್ಲ. 1990ರಲ್ಲಿ ಅದು ಬೆಳಕು ಕಂಡದ್ದು ಮೆಕ್ಸಿಕೊದ ಅವಾನ್ಸಾದಾ ಮೆಟಾಲಿಕಾ ಎಂಬ ಸಣ್ಣ ಸಂಸ್ಥೆಯಿಂದ. ಅದರ ಬೆನ್ನಿಗೆ ತಯಾರಾದ 'ಡಿಸ್ಟ್ರಕ್ಷನ್ ಸಿಸ್ಟಂ' ಆಗ ಬಿಡುಗಡೆಯನ್ನೇ ಕಾಣಲಿಲ್ಲ. ತಂಡ ಚದುರಿಹೋಯಿತು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇವತ್ತು ಥ್ರ್ಯಾಶ್ ಮತ್ತು ಡೆತ್ ಮೆಟಲ್ ಕೇಳುವವರು ಮಾಡಿಕೊಳ್ಳುವ ಪಟ್ಟಿಗಳಲ್ಲಿ 'ಸ್ಪೆಕ್ಟ್ರಂ ಆಫ್ ಡೆತ್' ತಪ್ಪದೆ ಇರುತ್ತದೆ. ಅದರ ಮರುಮುದ್ರಣಗಳು ಬಂದಿವೆ. ತಂಡ ಮತ್ತೆ ಒಂದಾಗಿ 2024ರಲ್ಲಿ 'ಸ್ವಾಲೋಡ್ ಬೈ ಹೆಲ್' ಎಂಬ ಹೊಸ ಆಲ್ಬಮ್ಮನ್ನೂ ಕೊಟ್ಟಿದೆ. ಹೀಗೆ ಕಳೆದುಹೋದದ್ದು ಮರಳಿ ಬರುವುದನ್ನು ಅದೃಷ್ಟ ಎಂದು ಸುಮ್ಮನಾಗುವುದು ಸುಲಭ. ಒಳಗೆ ಇಣುಕಿದರೆ ಅದೊಂದು ಕೆಲಸ. ಒಂದು ಪ್ರತಿಯನ್ನು ಯಾರೋ ಎತ್ತಿಟ್ಟಿರಬೇಕು, ಅದರ ಮೇಲಿನ ಗುರುತುಗಳನ್ನು ಯಾರೋ ಓದಬೇಕು, ಮೂಲ ಟೇಪು ಯಾರದೋ ಅಟ್ಟದಲ್ಲಿ ಉಳಿದಿರಬೇಕು, ಹಕ್ಕು ಯಾರದೆಂದು ಇತ್ಯರ್ಥವಾಗಬೇಕು. ಈ ಒಂದೊಂದು ಹಂತವೂ ಹೇಗೆ ನಡೆಯುತ್ತದೆ ಎಂಬುದು ಈ ಲೇಖನದ ವಿಷಯ.

ಎರಡು ಶೈಲಿಗಳ ನಡುವಿನ ಗಡಿ

ಮೊದಲು, ಈ ಸಂಗೀತದ ಪರಿಚಯವಿಲ್ಲದವರಿಗೆ ನಾಲ್ಕು ಮಾತು. ಥ್ರ್ಯಾಶ್ ಮೆಟಲ್ 1983ರ ಸುಮಾರಿಗೆ ಗಟ್ಟಿಯಾದ ಶೈಲಿ. ಮೆಟಾಲಿಕಾ ಮತ್ತು ಸ್ಲೇಯರ್ ತಂಡಗಳ ಮೊದಲ ಆಲ್ಬಂಗಳು ಬಂದ ವರ್ಷ ಅದು. ಗಿಟಾರಿನ ತಂತಿಯನ್ನು ಅಂಗೈಯಂಚಿನಿಂದ ಅದುಮಿ ಹಿಡಿದು, ಮೇಲಿಂದ ಕೆಳಕ್ಕೆ ಬಿರುಸಾಗಿ ಮೀಟುವುದು ಅದರ ಕೈಚಳಕ. ಹಾಡುವುದಕ್ಕಿಂತ ಕೂಗುವುದೇ ಹೆಚ್ಚು, ಆದರೂ ಪದಗಳು ಕಿವಿಗೆ ಸಿಗುತ್ತವೆ. ಡೆತ್ ಮೆಟಲ್ ಅಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೂಗು ಗಂಟಲಾಳದ ಗುರುಗುಡುವಿಕೆಯಾಯಿತು, ಡ್ರಮ್ಮಿನ ಏಟುಗಳು ಎಣಿಸಲಾಗದಷ್ಟು ಒತ್ತೊತ್ತಾದವು, ರಾಗ ಇನ್ನಷ್ಟು ಕತ್ತಲಾಯಿತು. ಪೊಸೆಸ್ಡ್ ತಂಡದ 'ಸೆವೆನ್ ಚರ್ಚಸ್' 1985ರದು, ಡೆತ್ ತಂಡದ 'ಸ್ಕ್ರೀಮ್ ಬ್ಲಡಿ ಗೋರ್' 1987ರದು.

ಮರೆತುಹೋದ ಆಲ್ಬಂಗಳು ದಂಡಿಯಾಗಿ ಸಿಗುವುದು ಈ ಎರಡರ ಗಡಿಯಲ್ಲಿ. 1985ರಿಂದ 1991ರವರೆಗೆ ಊರೂರಿನ ತಂಡಗಳು ಥ್ರ್ಯಾಶ್‌ನ ಓಟವನ್ನೂ ಡೆತ್‌ನ ಗಂಟಲನ್ನೂ ಬೆರೆಸಿ ನುಡಿಸುತ್ತಿದ್ದವು. ಅಷ್ಟರಲ್ಲಿ ಮಾರುಕಟ್ಟೆಯ ಗಾಳಿ ತಿರುಗಿತು. 1991ರ ಹೊತ್ತಿಗೆ ಥ್ರ್ಯಾಶ್‌ನ ದೊಡ್ಡ ತಂಡಗಳು ವೇಗ ತಗ್ಗಿಸಿದ್ದವು, ರೇಡಿಯೊ ಸಿಯಾಟಲ್‌ನ ಗ್ರಂಜ್ ಕಡೆಗೆ ವಾಲಿತ್ತು. ಡೆತ್ ಮೆಟಲ್ ಬೇಕೆಂದ ಲೇಬಲ್‌ಗಳು ಫ್ಲಾರಿಡಾದ ತಂಡಗಳ ಹಿಂದೆ ಬಿದ್ದವು. ಆ ಕಡೆಗೂ ಈ ಕಡೆಗೂ ಪೂರ್ತಿ ಸೇರದ ತಂಡಗಳನ್ನು ಕೇಳುವವರಿಲ್ಲದಂತಾಯಿತು.

ಕಳೆದುಹೋಗಲು ಮೂರು ದಾರಿ

ಮೊದಲನೆಯದು, ವಿತರಣೆ ಇಲ್ಲದಿರುವುದು. ಸಣ್ಣ ಲೇಬಲ್ ಕೆಲವು ನೂರು ಅಥವಾ ಸಾವಿರ ತಟ್ಟೆಗಳನ್ನು ಅಚ್ಚು ಹಾಕಿಸುತ್ತದೆ. ಅವು ಖಾಲಿಯಾದ ಮೇಲೆ ಇನ್ನೊಮ್ಮೆ ಹಾಕಿಸಲು ಹಣವಿರುವುದಿಲ್ಲ. ವಿಸ್ಕಾನ್ಸಿನ್ನಿನ ತಂಡದ ತಟ್ಟೆ ಮೆಕ್ಸಿಕೊದಲ್ಲಿ ಅಚ್ಚಾದರೆ ಪಕ್ಕದ ಮಿಲ್ವಾಕಿಯ ಅಂಗಡಿಯಲ್ಲೂ ಅದು ಆಮದು ಸರಕೇ.

ಎರಡನೆಯದು, ಹೆಸರು ಬದಲಾಗುವುದು. ಇದಕ್ಕೆ ಕ್ಯಾಲಿಫೋರ್ನಿಯಾದ ಆಂಟಿಯಾಕ್ ಊರಿನ ಸೇಡಸ್ ತಂಡವನ್ನು ನೋಡಬೇಕು. 1988ರಲ್ಲಿ ಅವರು ತಾವೇ ಹೊರತಂದ ಮೊದಲ ಆಲ್ಬಮ್ಮಿನ ಹೆಸರು 'ಇಲ್ಯೂಷನ್ಸ್'. ಮೆಟಾಲಿಕಾದ ಗಿಟಾರ್ ಸಹಾಯಕನಾಗಿದ್ದ ಜಾನ್ ಮಾರ್ಷಲ್ ಅದರ ನಿರ್ಮಾಪಕ. ಮುಂದೆ ತಂಡಕ್ಕೆ ದೊಡ್ಡ ಲೇಬಲ್ ಸಿಕ್ಕಿತು, 1991ರಲ್ಲಿ ಅದೇ ಆಲ್ಬಂ 'ಕೆಮಿಕಲ್ ಎಕ್ಸ್‌ಪೋಷರ್' ಎಂಬ ಹೆಸರಿನಲ್ಲಿ ಮತ್ತೆ ಬಂತು. ಹಾಡುಗಳು ಅವೇ, ರಟ್ಟು ಬೇರೆ. ಎರಡೂ ಬೇರೆ ಬೇರೆ ಆಲ್ಬಂ ಎಂದುಕೊಂಡು ಹುಡುಕುವವರು ಇಂದಿಗೂ ಇದ್ದಾರೆ.

ಮೂರನೆಯದು, ಕಾಗದಪತ್ರ ಚದುರುವುದು. ಲೇಬಲ್ ಮುಚ್ಚುತ್ತದೆ, ಸ್ಟುಡಿಯೊ ಕೈಬದಲಾಗುತ್ತದೆ, ತಂಡದವರು ನೌಕರಿ ಹಿಡಿದು ಬೇರೆ ಊರು ಸೇರುತ್ತಾರೆ. ಹಾಡು ಇರುತ್ತದೆ, ಅದು ಯಾರದು, ಎಲ್ಲಿಯದು, ಎಂದಿನದು ಎಂದು ಹೇಳುವ ಚೀಟಿ ಇರುವುದಿಲ್ಲ.

ಅಂಚೆಯಲ್ಲಿ ಓಡಾಡಿದ ಕ್ಯಾಸೆಟ್

ಇಂಥ ಆಲ್ಬಂಗಳ ಜೀವ ಹಿಡಿದಿಟ್ಟದ್ದು ಟೇಪ್ ಟ್ರೇಡಿಂಗ್. 1980ರ ದಶಕದಲ್ಲಿ ಬ್ರೆಜಿಲ್, ಪೋಲೆಂಡ್, ಜಪಾನ್, ನಾರ್ವೆ ಎನ್ನದೆ ಎಲ್ಲ ಕಡೆಯ ಹುಡುಗರು ತಮ್ಮಲ್ಲಿರುವ ಟೇಪುಗಳ ಪಟ್ಟಿಯನ್ನು ಕೈಯಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದರು. ಅತ್ತಲಿಂದ ಅವರ ಪಟ್ಟಿ ಬರುತ್ತಿತ್ತು. 90 ನಿಮಿಷದ ಒಂದು ಖಾಲಿ ಕ್ಯಾಸೆಟ್ಟಿನಲ್ಲಿ ಎರಡು ಆಲ್ಬಂ, ಜಾಗ ಉಳಿದರೆ ಒಂದು ಡೆಮೊ. ಲಕೋಟೆಯೊಳಗೆ ಬೇರೆ ತಂಡಗಳ ಪುಟ್ಟ ಕರಪತ್ರಗಳು. ಅಂಚೆ ಖರ್ಚು ತಡೆಯಲಾರದವರು ಸ್ಟಾಂಪಿನ ಮೇಲೆ ಸೋಪು ಅಥವಾ ಅಂಟು ಸವರುತ್ತಿದ್ದರು. ಅಂಚೆಮುದ್ರೆಯ ಮಸಿ ಆ ಲೇಪದ ಮೇಲೆ ಕೂರುತ್ತಿತ್ತು, ನೀರಲ್ಲಿ ನೆನೆಸಿದರೆ ಎದ್ದು ಹೋಗುತ್ತಿತ್ತು. 'ಸ್ಟಾಂಪ್ ವಾಪಸ್ ಕಳಿಸು' ಎಂಬುದು ಆ ಕಾಗದಗಳ ಮಾಮೂಲಿ ಒಕ್ಕಣೆ. ಕಾನೂನಿಗೆ ಇದು ಮೋಸವೇ, ಆದರೆ ಕೆಲವು ಆಲ್ಬಂಗಳು ಸಮುದ್ರ ದಾಟಿದ್ದು ಹೀಗೆ.

1999ರಲ್ಲಿ ಹಾಡಿನ ಕಡತ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದ ಮೇಲೆ ಈ ಟೇಪುಗಳು ಕಂಪ್ಯೂಟರಿಗೆ ಇಳಿದವು. ಆಮೇಲೆ ಯೂಟ್ಯೂಬ್ ಬಂತು. ಹತ್ತು ಜನರ ಕಪಾಟಿನಲ್ಲಿದ್ದದ್ದು ಲಕ್ಷ ಜನರ ಫೋನಿಗೆ ಬಂತು. ಜೊತೆಗೆ ತೊಡಕೂ ಬಂತು: ಟೇಪಿನ ದೋಷಗಳು, ತಪ್ಪು ಹಾಡಿನ ಹೆಸರು, ತಪ್ಪು ವರ್ಷ ಎಲ್ಲವೂ ಸೇರಿಯೇ ಹರಡಿದವು. ಹಾಗಾಗಿ ಇವತ್ತು ಹಳೆಯ ಆಲ್ಬಮ್ಮೊಂದು ಕಿವಿಗೆ ಬಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ: ಇದು ಯಾವ ಪ್ರತಿ?

ಪ್ರತಿಯ ಗುರುತು ಹಿಡಿಯುವುದು

ಎಲ್‌ಪಿ ತಟ್ಟೆಯಾದರೆ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೊನೆಯ ಹಾಡು ಮುಗಿದು ನಡುವಿನ ಕಾಗದದ ಲೇಬಲ್ ಶುರುವಾಗುವ ಮುನ್ನ ಒಂದು ನುಣುಪಾದ ಪಟ್ಟಿ ಇರುತ್ತದೆ. ಅಲ್ಲಿ ಮೊಳೆಯಿಂದ ಗೀಚಿದಂತೆ ಅಕ್ಷರ, ಅಂಕಿಗಳು ಕಾಣುತ್ತವೆ. ಅದು ಮೇಟ್ರಿಕ್ಸ್ ಸಂಖ್ಯೆ. ತಟ್ಟೆಯ ಅಚ್ಚಿಗೆ ಮೂಲವಾದ ಲ್ಯಾಕರ್ ಕೊರೆದಾಗ ಹಾಕಿದ ಗುರುತು. ಕೊರೆದ ತಂತ್ರಜ್ಞನ ಸಹಿ, ಕಾರ್ಖಾನೆಯ ಚಿಹ್ನೆಯೂ ಕೆಲವೊಮ್ಮೆ ಪಕ್ಕದಲ್ಲೇ ಇರುತ್ತವೆ. ರಟ್ಟನ್ನು ಯಾರು ಬೇಕಾದರೂ ನಕಲಿಸಿ ಅಚ್ಚು ಹಾಕಿಸಬಹುದು. ಈ ಗೀಚನ್ನು ಹಾಗೇ ನಕಲು ಮಾಡುವುದು ಕಷ್ಟ. ಕಳ್ಳಪ್ರತಿ ಸಾಮಾನ್ಯವಾಗಿ ಸಿಕ್ಕಿಬೀಳುವುದು ಇಲ್ಲೇ.

ಸಿಡಿಯಾದರೆ ತಿರುಗಿಸಿ, ಒಳತೂತಿನ ಸುತ್ತಲಿನ ಉಂಗುರವನ್ನು ನೋಡಿ. ಐಎಫ್‌ಪಿಐ ಎಂದು ಆರಂಭವಾಗುವ ಪುಟ್ಟ ಸಂಕೇತವಿದ್ದರೆ ಅದು 1994ರಲ್ಲಿ ಜಾರಿಗೆ ಬಂದ ಗುರುತು. ರಟ್ಟಿನ ಮೇಲೆ 1990 ಎಂದಿದ್ದು ತಟ್ಟೆಯಲ್ಲಿ ಈ ಸಂಕೇತವಿದ್ದರೆ, ಅದು ಮೊದಲ ಮುದ್ರಣವಲ್ಲ ಎಂದು ನಿಶ್ಚಿಂತೆಯಿಂದ ಹೇಳಬಹುದು. ತಳ ಹಸಿರೋ ನೀಲಿಯೋ ಆಗಿ ಹೊಳೆದರೆ ಅದು ಕಂಪ್ಯೂಟರಿನಲ್ಲಿ ಬರೆದ ಸಿಡಿ ಇರಬಹುದು.

ಮುಂದಿನ ಕೆಲಸ ಹೊದಿಕೆಯ ಹಿಂಬದಿ ಓದುವುದು. ಎಲ್ಲರೂ ಹಾಡಿನ ಪಟ್ಟಿ ಓದುತ್ತಾರೆ. ಜಾಡು ಹಿಡಿಯುವವರು ಓದುವುದು ಧನ್ಯವಾದಗಳ ಪಟ್ಟಿ. ಅಲ್ಲಿ ಸ್ಟುಡಿಯೊ, ಎಂಜಿನಿಯರ್, ಜೊತೆಗೆ ನುಡಿಸಿದ ಬೇರೆ ತಂಡಗಳು, ಅಂಚೆ ಪೆಟ್ಟಿಗೆಯ ಊರು ಎಲ್ಲ ಸಿಗುತ್ತವೆ. 'ಸ್ಪೆಕ್ಟ್ರಂ ಆಫ್ ಡೆತ್'ನಲ್ಲಿ ನಿರ್ಮಾಪಕನ ಹೆಸರು ಎರಿಕ್ ಗ್ರೀಫ್. ಆತ ಡೆತ್ ತಂಡದ ವ್ಯವಸ್ಥಾಪಕನೂ ಆಗಿದ್ದ. ಆ ಒಂದೇ ಹೆಸರು, ಯಾರಿಗೂ ಗೊತ್ತಿಲ್ಲದ ತಂಡವನ್ನು ಎಲ್ಲರಿಗೂ ಗೊತ್ತಿರುವ ತಂಡದ ಓಣಿಗೆ ತಂದು ನಿಲ್ಲಿಸುತ್ತದೆ. ಸೇಡಸ್‌ನ ಬಾಸ್ ವಾದಕ ಸ್ಟೀವ್ ಡಿಜಾರ್ಜಿಯೊ ಡೆತ್ ತಂಡದ 'ಹ್ಯೂಮನ್' ಆಲ್ಬಮ್ಮಿನಲ್ಲಿ ನುಡಿಸಿದ್ದಾನೆ. 'ಹ್ಯೂಮನ್' ಮೆಚ್ಚಿದವರು ಹಿಂದಕ್ಕೆ ನಡೆಯುತ್ತಾ ಹೋದರೆ 'ಇಲ್ಯೂಷನ್ಸ್' ತಲುಪುತ್ತಾರೆ. ಮರುಶೋಧಗಳಲ್ಲಿ ಬಹುಪಾಲು ನಡೆಯುವುದು ಹೀಗೆ, ಒಬ್ಬ ವಾದಕನ ಹೆಸರಿನ ಬಾಲ ಹಿಡಿದು.

ಹೆಸರು ಸಿಕ್ಕ ಮೇಲೆ ಎರಡು ದೊಡ್ಡ ದಾಖಲೆಗಳಿವೆ. 2000ದಲ್ಲಿ ಶುರುವಾದ ಡಿಸ್ಕಾಗ್ಸ್, ಒಂದು ಆಲ್ಬಮ್ಮಿನ ಪ್ರತಿಯೊಂದು ಮುದ್ರಣವನ್ನೂ ಮೇಟ್ರಿಕ್ಸ್ ಸಂಖ್ಯೆಯ ಸಮೇತ ಬೇರೆ ಬೇರೆ ನಮೂದಿಸುತ್ತದೆ. 2002ರ ಎನ್‌ಸೈಕ್ಲೊಪೀಡಿಯಾ ಮೆಟಾಲಮ್ ಮೆಟಲ್‌ಗೇ ಮೀಸಲು. ಯಾರು ಯಾವ ತಂಡದಲ್ಲಿ ಯಾವಾಗ ಇದ್ದರು ಎಂಬ ವಂಶಾವಳಿ ಅಲ್ಲಿ ಸಿಗುತ್ತದೆ. ಎರಡನ್ನೂ ತುಂಬಿದವರು ಕೇಳುಗರೇ ಆದ್ದರಿಂದ ತಪ್ಪುಗಳೂ ಇರುತ್ತವೆ. ಧ್ವನಿಮುದ್ರಣದ ವರ್ಷವನ್ನು ಬಿಡುಗಡೆಯ ವರ್ಷವೆಂದು ಬರೆಯುವುದು ಮಾಮೂಲು. ಕೈಯಲ್ಲಿರುವ ತಟ್ಟೆಯ ಗೀಚಿಗೆ ತಾಳೆ ನೋಡದೆ ಯಾವುದನ್ನೂ ನಂಬಬಾರದು.

ಎಷ್ಟನೆಯ ನಕಲು?

ಬರೀ ಹಾಡಿನ ಕಡತ ಸಿಕ್ಕಿದ್ದರೆ ಗೀಚೂ ಇಲ್ಲ, ರಟ್ಟೂ ಇಲ್ಲ. ಆಗ ಕಿವಿಯೇ ಸಾಕ್ಷಿ.

ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿದಾಗಲೆಲ್ಲ ಟೇಪಿನ ಸುಸ್ಸೆನ್ನುವ ಸದ್ದು ಸೇರುತ್ತಾ ಹೋಗುತ್ತದೆ. ಒಂದೇ ಮಟ್ಟದ ಎರಡು ಸುಸ್ಸು ಸೇರಿದರೆ 3 ಡೆಸಿಬೆಲ್ ಏರುತ್ತದೆ. ಅಂದರೆ ನಾಲ್ಕನೆಯ ನಕಲಿನಲ್ಲಿ ಮೊದಲನೆಯದಕ್ಕಿಂತ ಸುಮಾರು 6 ಡೆಸಿಬೆಲ್ ಹೆಚ್ಚು. ಜೊತೆಗೇ ಎತ್ತರದ ಕಂಪನಗಳು ಸವೆಯುತ್ತವೆ. ಥ್ರ್ಯಾಶ್‌ಗೆ ಇದರಿಂದ ಆಗುವ ನಷ್ಟ ದೊಡ್ಡದು. ತಂತಿಗೆ ಮೀಟುಗಡ್ಡಿ ತಾಗುವ ಕಿಟಿಕಿಟಿ, ಸಿಂಬಲ್ಲಿನ ಅಂಚು, ಡ್ರಮ್ಮಿನ ಮೊದಲ ಏಟಿನ ಚುರುಕು ಎಲ್ಲ ಇರುವುದು ಆ ಎತ್ತರದಲ್ಲಿ. ಅವು ಹೋದರೆ ಉಳಿಯುವುದು ಕೆಸರಿನಂಥ ಗುಂಯ್ಗುಡುವಿಕೆ. 'ಹಳೆ ಮೆಟಲ್ ಹೀಗೇ ಮಸುಕಾಗಿರುತ್ತದೆ' ಎಂದು ಎಷ್ಟೋ ಜನ ನಂಬಿರುವುದಕ್ಕೆ ಸ್ಟುಡಿಯೊಗಿಂತ ಈ ಆರೇಳನೆಯ ನಕಲುಗಳೇ ಹೆಚ್ಚು ಕಾರಣ.

ವೇಗದ್ದು ಇನ್ನೊಂದು ಸಮಸ್ಯೆ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಹಳೆಯ ಡೆಕ್ ಶೇಕಡ 6ರಷ್ಟು ಜೋರಾಗಿ ಓಡಿದರೆ ಹಾಡು ಒಂದು ಸ್ವರಸ್ಥಾನ ಮೇಲೇರುತ್ತದೆ. ಗಿಟಾರಿನ ದಪ್ಪ ತಂತಿಯ ಮಾಮೂಲಿ ಶ್ರುತಿ ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಮೂರು. ಅದು ಬಿಳಿ ನಾಲ್ಕಾಗಿ ಕೇಳುತ್ತದೆ. 4 ನಿಮಿಷದ ಹಾಡು 3 ನಿಮಿಷ 46 ಸೆಕೆಂಡಿಗೆ ಮುಗಿಯುತ್ತದೆ. 'ಅಬ್ಬಾ, ಏನು ವೇಗ!' ಎಂದು ಕೇಳುಗ ಬೆರಗಾಗುವುದು ಮೋಟಾರಿನ ದೋಷಕ್ಕೆ. ಪರೀಕ್ಷೆ ಸುಲಭ: ಅಧಿಕೃತ ಮುದ್ರಣದಲ್ಲಿ ನಮೂದಾದ ಹಾಡಿನ ಉದ್ದಕ್ಕೆ ನಿಮ್ಮ ಕಡತದ ಉದ್ದವನ್ನು ಹೋಲಿಸಿ. ಎಲ್ಲ ಹಾಡುಗಳೂ ಒಂದೇ ಪ್ರಮಾಣದಲ್ಲಿ ಗಿಡ್ಡವಾಗಿದ್ದರೆ ಟೇಪು ಜೋರಾಗಿ ಓಡಿದೆ. ಶ್ರುತಿಯನ್ನಷ್ಟೇ ನಂಬುವುದು ತರವಲ್ಲ, ಏಕೆಂದರೆ ಮೆಟಲ್ ತಂಡಗಳು ಬೇಕೆಂದೇ ತಂತಿಯನ್ನು ಅರ್ಧವೋ ಒಂದೋ ಸ್ವರ ಸಡಿಲಿಸುವುದುಂಟು. ಹಾಡು ಗುರುತಿಸುವ ಫೋನಿನ ಆ್ಯಪ್‌ಗಳು ಇಂಥ ಕಡೆ ಕೈಕೊಡುತ್ತವೆ. ವೇಗ ಹೆಚ್ಚು ಏರುಪೇರಾದರೆ ಹಾಡಿನ ಛಾಪು ತಮ್ಮ ಭಂಡಾರದ್ದಕ್ಕೆ ಹೊಂದುವುದಿಲ್ಲ; ಭಂಡಾರದಲ್ಲೇ ಇಲ್ಲದ ಹಾಡನ್ನಂತೂ ಅವು ಹೇಳಲಾರವು.

ಕಣ್ಣಿಂದ ನೋಡುವ ಪರೀಕ್ಷೆಯೂ ಇದೆ. ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಕಡತ ತೆರೆದು ಸ್ಪೆಕ್ಟ್ರೋಗ್ರಾಂ ನೋಟ ಆರಿಸಿ. ಸಿಡಿಯಿಂದ ಬಂದದ್ದಾದರೆ ಬಣ್ಣ 22 ಕಿಲೊಹರ್ಟ್ಸ್‌ವರೆಗೂ ಹರಡಬಹುದು. 128 ಕೆಬಿಪಿಎಸ್‌ನ ಎಂಪಿ3 ಆಗಿದ್ದರೆ ಸುಮಾರು 16 ಕಿಲೊಹರ್ಟ್ಸ್ ಬಳಿ ಕತ್ತರಿಸಿದಂತೆ ನಿಂತುಬಿಡುತ್ತದೆ. ಗುಣ ಕುಗ್ಗಿಸದ ಫ್ಲ್ಯಾಕ್ ಎಂದು ಹೆಸರಿಟ್ಟು ಮಾರುವ ಕಡತದಲ್ಲಿ ಈ ಕತ್ತರಿ ಗುರುತು ಕಂಡರೆ, ಹಳೆಯ ಎಂಪಿ3ಗೆ ಹೊಸ ಅಂಗಿ ತೊಡಿಸಿದ್ದಾರೆಂದು ಅನುಮಾನಿಸಿ. ಇನ್ನು, 'ಮೂಲ ಟೇಪಿನಿಂದ ಮಾಡಿದ ಸಿಡಿ' ಎಂದಿದ್ದು, ಹಾಡುಗಳ ನಡುವಿನ ಮೌನದಲ್ಲಿ ಚಟಪಟ ಸದ್ದು ಕೇಳಿದರೆ ಅದು ಎಲ್‌ಪಿ ತಟ್ಟೆಯ ಮೇಲೆ ಮುಳ್ಳು ಓಡಿಸಿ ತೆಗೆದದ್ದು. ಮೂಲ ಟೇಪು ಸಿಗದಿದ್ದಾಗ ಪ್ರಾಮಾಣಿಕ ಲೇಬಲ್‌ಗಳೂ ಹಾಗೆ ಮಾಡುತ್ತವೆ, ಆದರೆ ಹೊದಿಕೆಯಲ್ಲಿ ಅದನ್ನು ಹೇಳುತ್ತವೆ.

ಟೇಪನ್ನು ಬಿಸಿ ಮಾಡುವುದು

ಮರುಮುದ್ರಣಕ್ಕೆ ಹೊರಟ ಲೇಬಲ್ಲು ಮೊದಲು ಕೇಳುವುದು ಮೂಲ ರೀಲನ್ನು. ಅದು ಸಿಕ್ಕರೂ ನೇರವಾಗಿ ಯಂತ್ರಕ್ಕೆ ಹಾಕುವಂತಿಲ್ಲ. 1970 ಮತ್ತು 80ರ ದಶಕದ ಹಲವು ಸ್ಟುಡಿಯೊ ಟೇಪುಗಳಲ್ಲಿ, ಆಂಪೆಕ್ಸ್ 456 ಅವುಗಳಲ್ಲಿ ಕುಖ್ಯಾತ, ಕಾಂತೀಯ ಪುಡಿಯನ್ನು ಹಿಡಿದಿಡುವ ಪಾಲಿಯುರೆಥೇನ್ ಅಂಟು ವರ್ಷಗಟ್ಟಲೆ ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಟೇಪು ಕಿರುಗುಡುತ್ತದೆ, ಕಂದು ಪುಡಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಅದರ ಜೊತೆಗೇ ಸಂಗೀತವೂ ಕಿತ್ತುಬರುತ್ತದೆ.

ಇದಕ್ಕೆ ಪರಿಹಾರ ಬಿಸಿ. ಉಷ್ಣತೆಯನ್ನು ಏರುಪೇರಾಗದಂತೆ ಹಿಡಿಯುವ ಪೆಟ್ಟಿಗೆಯಲ್ಲಿ ರೀಲನ್ನು 50ರಿಂದ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಇಡುತ್ತಾರೆ. ತೇವ ಹೊರಹೋಗಿ ಅಂಟು ತಾತ್ಕಾಲಿಕವಾಗಿ ಗಟ್ಟಿಯಾಗುತ್ತದೆ. ಗುಣ ನಿಲ್ಲುವುದು ಕೆಲವು ವಾರಗಳಷ್ಟೇ, ಅಷ್ಟರೊಳಗೆ ಡಿಜಿಟಲ್ ಪ್ರತಿ ತೆಗೆದುಕೊಳ್ಳಬೇಕು. ಇದು ಅಡುಗೆಮನೆಯ ಓವನ್ನಿನಲ್ಲಿ ಮಾಡುವ ಕೆಲಸವಲ್ಲ. ಎಲ್ಲ ಟೇಪಿಗೂ ಹೊಂದುವುದೂ ಇಲ್ಲ. ಅಸಿಟೇಟ್ ತಳದ ಹಳೆಯ ಟೇಪನ್ನು ಬಿಸಿ ಮಾಡಿದರೆ ಹಾಳಾಗುತ್ತದೆ.

ಆಮೇಲೆ ರೀಮಾಸ್ಟರಿಂಗ್. ಇಲ್ಲಿ ಒಂದು ಎಚ್ಚರ. ಹೊಸ ಮುದ್ರಣ ಜೋರಾಗಿ ಕೇಳಲಿ ಎಂದು ತಗ್ಗಿನ ಸದ್ದನ್ನೆಲ್ಲ ಮೇಲೆತ್ತಿ, ಏರಿನ ತಲೆ ಸವರುವ ಚಾಳಿ 1990ರ ದಶಕದಿಂದ ಬೆಳೆದಿದೆ. ಅಲೆಯ ಚಿತ್ರ ನೋಡಿದರೆ ಇಟ್ಟಿಗೆಯ ಹಾಗೆ ಚೌಕ. ಎರಡು ಮುದ್ರಣಗಳನ್ನು ಹೋಲಿಸುವಾಗ ಮೊದಲು ವಾಲ್ಯೂಮನ್ನು ಸಮ ಮಾಡಿಕೊಳ್ಳಿ. ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಸಮ ಮಾಡಿದ ಮೇಲೆ ಡ್ರಮ್ಮಿನ ಏಟು ಎದ್ದು ಬರುವ ಮುದ್ರಣವನ್ನು ಇಟ್ಟುಕೊಳ್ಳಿ.

ಹಕ್ಕು ಯಾರದು

ಮಾರಾಟಕ್ಕಿಲ್ಲದ ಆಲ್ಬಂ ಎಂದರೆ ವಾರಸುದಾರರಿಲ್ಲದ ಆಲ್ಬಂ ಎಂದರ್ಥವಲ್ಲ. ಒಂದು ಹಾಡಿನಲ್ಲಿ ಎರಡು ಹಕ್ಕುಗಳಿರುತ್ತವೆ: ರಚನೆಯದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಮೊದಲನೆಯದು ಸಾಮಾನ್ಯವಾಗಿ ಬರೆದವರ ಬಳಿ, ಎರಡನೆಯದು ಕರಾರಿನ ಪ್ರಕಾರ ತಂಡದ ಅಥವಾ ಲೇಬಲ್ಲಿನ ಬಳಿ. ಭಾರತದ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ನಂತರ 60 ವರ್ಷ ಇರುತ್ತದೆ. ಅಮೆರಿಕದಲ್ಲಿ ಇನ್ನೂ ದೀರ್ಘ. ಆದರೆ ಅಲ್ಲಿ ಒಂದು ಅನುಕೂಲವಿದೆ: 1978ರಿಂದೀಚೆಗೆ ಬರೆದುಕೊಟ್ಟ ಹಕ್ಕನ್ನು, ಕೂಲಿಗಾಗಿ ಮಾಡಿಕೊಟ್ಟ ಕೃತಿಯಲ್ಲದಿದ್ದರೆ, ಮುಂಚಿತವಾಗಿ ನೋಟಿಸು ಕೊಟ್ಟು 35 ವರ್ಷದ ಬಳಿಕ ಕಲಾವಿದ ಹಿಂಪಡೆಯಬಹುದು. 1980ರ ದಶಕದ ಕೊನೆಯ ತಂಡಗಳಿಗೆ ಆ ಗಡುವು ಬರುತ್ತಿರುವುದು ಈಗ.

ಕಳ್ಳಪ್ರತಿಗಳ ಲೆಕ್ಕ ವಿಚಿತ್ರ. ಹೆಸರು ಉಳಿಸಿದ್ದು ಅವೇ, ಒಂದು ಕಾಸೂ ಕೊಡದೆ ಮಾರಿದ್ದೂ ಅವೇ. ಈಗ ತಂಡವೇ ಒಪ್ಪಿದ ಮುದ್ರಣ ಸಿಗುವಾಗ ಅದನ್ನೇ ಕೊಳ್ಳುವುದು ನ್ಯಾಯ. ಹೊದಿಕೆಯಲ್ಲಿ ತಂಡದವರ ಮಾತು, ಆ ಕಾಲದ ಫೋಟೊ, ಟೇಪು ಎಲ್ಲಿಂದ ಬಂತೆಂಬ ಮಾಹಿತಿ ಇದ್ದರೆ ಅದು ಸಮ್ಮತಿಯ ಲಕ್ಷಣ. ತಂಡದ್ದೇ ಬ್ಯಾಂಡ್‌ಕ್ಯಾಂಪ್ ಪುಟ ಇದ್ದರೆ ಇನ್ನೂ ಒಳ್ಳೆಯದು.

ನಮ್ಮ ಕಪಾಟಿನ ಕ್ಯಾಸೆಟ್

ಈ ವಿದ್ಯೆ ಅಮೆರಿಕದ ಆಲ್ಬಂಗಳಿಗಷ್ಟೇ ಅಲ್ಲ. ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್ ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಮೆಟಲ್ ಇತ್ತು. 1990ರ ದಶಕದಲ್ಲೇ ಡೈಯಿಂಗ್ ಎಂಬ್ರೇಸ್ ತಂಡ ಡೆತ್ ಮತ್ತು ನಿಧಾನಗತಿಯ ಡೂಮ್ ಬೆರೆಸಿ ನುಡಿಸುತ್ತಿತ್ತು. 1998ರಲ್ಲಿ ಹುಟ್ಟಿದ ಕ್ರಿಪ್ಟಾಸ್ ಮುಂದೆ ಯುರೋಪಿನ ವೇದಿಕೆಗಳಿಗೂ ಹೋಯಿತು. ಹೆಸರು ಉಳಿದ ತಂಡಗಳು ಇವು. ಕಾಲೇಜು ಹಬ್ಬಗಳಲ್ಲಿ ನುಡಿಸಿ, ಕೈಯಿಂದ ದುಡ್ಡು ಹಾಕಿ ಒಂದು ಡೆಮೊ ಮಾಡಿ ಮರೆಯಾದ ತಂಡಗಳ ಕ್ಯಾಸೆಟ್ಟು ಇರುವುದು ಯಾರದೋ ಮನೆಯ ಅಟ್ಟದ ಪೆಟ್ಟಿಗೆಯಲ್ಲೇ.

ಅಂಥದ್ದೊಂದು ನಿಮ್ಮಲ್ಲಿದ್ದರೆ ಮೊದಲು ಅದರ ಮೇಲಂಚಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಿರಿ. ಮೇಲೆ ಬೇರೇನೂ ರೆಕಾರ್ಡ್ ಆಗದು. ಒತ್ತುವ ಪುಟ್ಟ ಫೆಲ್ಟ್ ತುಂಡು ಕಳಚಿದೆಯೇ ನೋಡಿ. ಕಳಚಿದ್ದರೆ ರೀಲನ್ನು ಸ್ಕ್ರೂ ಇರುವ ಬೇರೆ ಕವಚಕ್ಕೆ ಬದಲಾಯಿಸಬೇಕು. ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ ಟೇಪಿನ ಬಿಗಿ ಸಡಿಲಿಸಿ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಅದರ ಓರೆಯನ್ನು ಹೊಂದಿಸುವಂಥದ್ದು; ಎಡಬಲ ಎರಡನ್ನೂ ಕೂಡಿಸಿ ಮೊನೊದಲ್ಲಿ ಕೇಳುತ್ತಾ ಕೂದಲೆಳೆಯಷ್ಟು ತಿರುಗಿಸಿದರೆ, ಸಿಂಬಲ್ ಫಳಕ್ಕನೆ ತೆರೆದುಕೊಳ್ಳುವ ಜಾಗವೊಂದು ಸಿಗುತ್ತದೆ. ಅಲ್ಲೇ ಬಿಡಿ. 24 ಬಿಟ್ ವೇವ್ ಕಡತವಾಗಿ ಇಳಿಸಿಕೊಳ್ಳಿ. ಸುಸ್ಸು ತೆಗೆಯುವ ಆತುರ ಬೇಡ. ಏನೂ ಮುಟ್ಟದ ಮೊದಲ ಪ್ರತಿಯನ್ನು ಎರಡು ಕಡೆ ಎತ್ತಿಟ್ಟು, ಸುಧಾರಣೆಯನ್ನು ಅದರ ನಕಲಿನ ಮೇಲೆ ಮಾಡಿ.

ಕಡೆಯದಾಗಿ, ಹೊದಿಕೆಯ ಎರಡೂ ಬದಿಯ ಚಿತ್ರ ತೆಗೆದು, ನುಡಿಸಿದವರು, ಮುದ್ರಿಸಿದ ಜಾಗ, ವರ್ಷ, ಆ ಟೇಪು ನಿಮ್ಮ ಕೈಗೆ ಬಂದ ಬಗೆ ಇವಿಷ್ಟನ್ನು ಕಡತದ ಜೊತೆಗೇ ಬರೆದಿಡಿ. ನುಡಿಸಿದವರು ಸಿಕ್ಕರೆ ಅವರಿಗೊಂದು ಪ್ರತಿ ಕೊಡಿ. ಲೋಕಕ್ಕೆ ಹಂಚುವ ತೀರ್ಮಾನ ಅವರದು. ಶೆಬಾಯ್ಗನ್ನಿನ ಎಂಟು ಹಾಡುಗಳನ್ನು ಮೂವತ್ತು ವರ್ಷದ ಮೇಲೂ ಅವುಗಳ ಒಡೆಯರಿಗೇ ಜೋಡಿಸಲು ಸಾಧ್ಯವಾದದ್ದು ಹೊದಿಕೆಯ ಹಿಂಬದಿಯಲ್ಲಿ ಹೆಸರುಗಳಿದ್ದುದರಿಂದ. ಹೆಸರಿಲ್ಲದ ಟೇಪು ಎಷ್ಟೇ ಚೆನ್ನಾಗಿ ಕೇಳಿಸಲಿ, ಅದನ್ನು ಯಾರಿಗೆಂದು ಮರಳಿಸುವುದು?